ಹೊಲಿಯುವವರು ಕೂರುವುದು ಎಲ್ಲಿ?

ಹೊಲಿಗೆ ಯಂತ್ರ ಇರುವ ಮನೆಗೆ ಹೋಗಿ ಅದರ ಬಗ್ಗೆ ವಿಚಾರಿಸಿ ನೋಡಿ. ಯಾವ ಕಂಪನಿಯದು, ಯಾವ ವರ್ಷ ತಂದದ್ದು, ಎಷ್ಟು ಕೊಟ್ಟದ್ದು, ಮೋಟರ್ ಯಾವಾಗ ಹಾಕಿಸಿದ್ದು, ಎಲ್ಲವೂ ನಾಲಿಗೆ ತುದಿಯಲ್ಲಿರುತ್ತದೆ. ಕೂರುವ ಸ್ಟೂಲಿನ ಬಗ್ಗೆ ಕೇಳಿದರೆ ಉತ್ತರ ತಡವಾಗಿ ಬರುತ್ತದೆ. ಊಟದ ಮೇಜಿನಿಂದ ಎಳೆದದ್ದೋ, ಮಗ ಓದುವಾಗ ಬಳಸುತ್ತಿದ್ದದ್ದೋ, ಕಲ್ಯಾಣ ಮಂಟಪಗಳಲ್ಲಿ ಕಾಣುವಂಥ ಪ್ಲಾಸ್ಟಿಕ್ ಕುರ್ಚಿಯೋ, ಅಂತೂ ಮನೆಯಲ್ಲಿ ಎಲ್ಲೋ ಇದ್ದದ್ದು ಯಂತ್ರದ ಮುಂದೆ ಬಂದು ಕೂತಿರುತ್ತದೆ. ದಿನಕ್ಕೆ ಆರೇಳು ಗಂಟೆ ಹೊಲಿಯುವ ಹೆಂಗಸು ತನ್ನ ಭಾರವನ್ನೆಲ್ಲ ಹಾಕುವುದು ಆ ಕುರ್ಚಿಯ ಮೇಲೆ. ಹೊಲಿಗೆ ಅಂದಮೇಲೆ ಬೆನ್ನುನೋವು ಇದ್ದದ್ದೇ ಎಂಬ ಮಾತು ನಮ್ಮಲ್ಲಿ ಚಾಲ್ತಿಯಲ್ಲಿದೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಆ ನೋವಿನಲ್ಲಿ ದೊಡ್ಡ ಪಾಲು ಹೊಲಿಗೆಯದಲ್ಲ, ಕೂರುವ ಜಾಗದ್ದು.

ಬ್ಲೌಸಿಗೆ ತೋಳು ಕೂಡಿಸುವ ಹೊತ್ತಿನಲ್ಲಿ ಟೇಲರ್ ಒಬ್ಬರನ್ನು ಪಕ್ಕದಲ್ಲಿ ನಿಂತು ನೋಡಬೇಕು. ತೋಳಿನ ಮೇಲ್ಭಾಗದ ಬಟ್ಟೆ ಕಂಕುಳಿನ ಸುತ್ತಳತೆಗಿಂತ ತುಸು ಹೆಚ್ಚೇ ಇರುತ್ತದೆ. ಆ ಹೆಚ್ಚಿನದನ್ನು ನೆರಿಗೆ ಬೀಳದಂತೆ ಒಳಗೆ ಇಳಿಸಿಕೊಳ್ಳುತ್ತಾ ಹೋಗಬೇಕು. ಎಡಗೈ ಬೆರಳುಗಳು ಸೂಜಿಯ ಪಕ್ಕದಲ್ಲೇ ಬಟ್ಟೆಯನ್ನು ಒತ್ತಿ ತಿರುಗಿಸುತ್ತವೆ. ಬಲಗೈ ಮುಂದಿನ ಅಂಚನ್ನು ಹೊಂದಿಸುತ್ತದೆ, ನಡುನಡುವೆ ಮೇಲೆದ್ದು ಚಕ್ರವನ್ನು ತಡೆಯುತ್ತದೆ. ಕಣ್ಣು ಸೂಜಿಯಿಂದ ಹೆಚ್ಚೆಂದರೆ ಒಂದೂವರೆ ಗೇಣು ದೂರ. ಕೆಳಗೆ ಪಾದಗಳು ಪೆಡಲಿನ ಮೇಲೆ ಹಿಮ್ಮಡಿ, ಮುಂಗಾಲು ಎಂದು ತೂಗುತ್ತಲೇ ಇರುತ್ತವೆ. ಕೈಗೆ ಬಿಡುವಿಲ್ಲ, ಕಾಲು ನೆಲದ ಮೇಲಿಲ್ಲ. ಇಡೀ ಮೈಯನ್ನು ಆಗ ಹಿಡಿದು ನಿಲ್ಲಿಸಿರುವುದು ಸೊಂಟ ಒಂದೇ. ಕುರ್ಚಿಗೆ ಬೆನ್ನಾಸರೆ ಇದ್ದರೂ ಅವರ ಬೆನ್ನು ಅದಕ್ಕೆ ತಾಗಿರುವುದಿಲ್ಲ. ಒಂದು ತೋಳು ಮುಗಿದು ದಾರ ಕತ್ತರಿಸುವಾಗ ಒಂದು ಕ್ಷಣ ತಾಗೀತು, ಅಷ್ಟೇ.

ಅಂಗಡಿಯಲ್ಲಿ ಕುರ್ಚಿ ಆರಿಸುವಾಗ ನಾವೆಲ್ಲ ಮಾಡುವುದು ಹಿಂದಕ್ಕೆ ಒರಗಿ ನೋಡುವುದು. ಹಾಯಾಗಿದೆ ಎನ್ನಿಸಿದರೆ ಕೊಳ್ಳುತ್ತೇವೆ. ಟಿ.ವಿ. ನೋಡುವವರಿಗೆ ಆ ಪರೀಕ್ಷೆ ಸರಿ. ಹೊಲಿಯುವವರು ಒರಗುವುದೇ ಇಲ್ಲ, ಮುಂದಕ್ಕೆ ಬಾಗುತ್ತಾರೆ. ಅವರ ಮಟ್ಟಿಗೆ ಕುರ್ಚಿಯ ಬೆನ್ನಿಗಿಂತ ಸೀಟು ಮುಖ್ಯ. ಸೀಟು ಎಷ್ಟು ಎತ್ತರ, ಯಾವ ಕಡೆಗೆ ಇಳಿಜಾರು, ಅದರ ಮುಂದಿನ ಅಂಚು ತೊಡೆಯನ್ನು ಒತ್ತುತ್ತದೆಯೋ ಇಲ್ಲವೋ, ನೋಡಬೇಕಾದದ್ದು ಇವನ್ನು.

ಬಾಗಿದ ಬೆನ್ನಿನ ಮೇಲೆ ಏನಾಗುತ್ತದೆ ಎಂಬುದನ್ನು ಅಳೆದು ನೋಡಿದವರಿದ್ದಾರೆ. ಸ್ವೀಡನ್ನಿನ ಮೂಳೆವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಸೊಂಟದ ಬೆನ್ನೆಲುಬಿನ ನಡುವಣ ಮೆತ್ತೆಗೆ, ಅಂದರೆ ಡಿಸ್ಕಿಗೆ, ಸೂಜಿ ಇಳಿಸಿ ಅದರೊಳಗಿನ ಒತ್ತಡ ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ, ಆಸರೆಯಿಲ್ಲದೆ ಕೂತಾಗ ಅದು 140, ಕೂತು ಮುಂದಕ್ಕೆ ಬಾಗಿದಾಗ 185. ಜರ್ಮನಿಯ ಉಲ್ಮ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಳತೆ ಇದನ್ನು ಸ್ವಲ್ಪ ತಿದ್ದಿತು: ಮೈ ಸಡಿಲ ಬಿಟ್ಟು ಕೂತರೆ ಒತ್ತಡ ನಿಂತದ್ದಕ್ಕಿಂತ ಹೆಚ್ಚೇನಲ್ಲ. ಆದರೆ ಕೂತು ಮುಂದೆ ಬಾಗಿದರೆ ಏರುತ್ತದೆ ಎಂಬಲ್ಲಿ ಇಬ್ಬರದೂ ಒಂದೇ ಮಾತು. ಹೊಲಿಗೆಗೆ ಬೇಕಾದದ್ದು ಆ ಮಾತೇ. ತೊಂದರೆ ಕೂರುವುದರಲ್ಲಿಲ್ಲ, ಬಾಗುವುದರಲ್ಲಿದೆ.

ಹಾಗಾದರೆ ಬಾಗದೆ ಹೊಲಿಯುವುದು ಹೇಗೆ? ಡೆನ್ಮಾರ್ಕಿನ ಶಸ್ತ್ರವೈದ್ಯ ಎ.ಸಿ. ಮಾಂಡಲ್ 1970ರ ದಶಕದಿಂದಲೇ ಇದಕ್ಕೊಂದು ಉತ್ತರ ಹೇಳುತ್ತಾ ಬಂದರು. ಬೆನ್ನು ನೆಟ್ಟಗೆ, ತೊಡೆ ಅಡ್ಡಕ್ಕೆ, ಮೊಣಕಾಲು ಲಂಬಕ್ಕೆ ಎಂದು ಶಾಲೆಯಲ್ಲಿ ಕಲಿಸುವ ಲಂಬಕೋನದ ಭಂಗಿಯಲ್ಲಿ ಮೇಜಿನ ಕೆಲಸ ಮಾಡಲು ಯಾರಿಂದಲೂ ಬಹಳ ಹೊತ್ತು ಆಗದು ಎಂಬುದು ಅವರ ವಾದ. ಹಾಗೆ ಕೂತಾಗ ತೊಡೆಯ ಕೀಲು ಪೂರ್ತಿ 90 ಡಿಗ್ರಿ ಮಡಚುವುದಿಲ್ಲ. ಸುಮಾರು 60ಕ್ಕೆ ನಿಲ್ಲುತ್ತದೆ. ಉಳಿದದ್ದನ್ನು ಸೊಂಟ ತುಂಬಿಕೊಡುತ್ತದೆ, ಅದರ ಸಹಜವಾದ ಒಳಬಾಗು ಚಪ್ಪಟೆಯಾಗುತ್ತದೆ. ಸೀಟನ್ನು ಎತ್ತರಿಸಿ ಮುಂದಕ್ಕೆ ಸ್ವಲ್ಪ ಇಳಿಜಾರು ಮಾಡಿದರೆ ತೊಡೆ ಕೆಳಮುಖವಾಗುತ್ತದೆ, ಸೊಂಟದ ಬಾಗು ಉಳಿಯುತ್ತದೆ, ಕೆಲಸದತ್ತ ಬಗ್ಗುವಾಗ ಬೆನ್ನು ಗೂನಾಗದೆ ಮೈ ಇಡಿಯಾಗಿ ಮುಂದೆ ಬರುತ್ತದೆ. ನಮ್ಮ ಪ್ಲಾಸ್ಟಿಕ್ ಕುರ್ಚಿಗಳ ಸೀಟು ಇದಕ್ಕೆ ಪೂರಾ ಉಲ್ಟಾ, ಹಿಂದಕ್ಕೆ ಇಳಿಜಾರು. ಒರಗಲು ಮಾಡಿದ ಕುರ್ಚಿಯಲ್ಲಿ ಕೂತು ಬಾಗುವವರು ಒಂದೇ ಕೆಲಸಕ್ಕೆ ಎರಡು ಪಟ್ಟು ದುಡಿಯುತ್ತಾರೆ.

ಹೊಲಿಯುವವರ ಮೇಲೆಯೇ ನಡೆದ ಒಂದು ಪರೀಕ್ಷೆ ಅಮೆರಿಕದ ಲಾಸ್ ಏಂಜಲೀಸ್‌ನದು. ಅಲ್ಲಿನ ಸಣ್ಣ ಗಾರ್ಮೆಂಟ್ ಘಟಕಗಳಲ್ಲಿ ಕುತ್ತಿಗೆ, ಭುಜದ ನೋವಿದ್ದ 277 ಮಂದಿ ಹೊಲಿಗೆಯವರನ್ನು ಗುಂಪುಗಳಾಗಿ ವಿಂಗಡಿಸಿದರು. ಎಲ್ಲರಿಗೂ ಸಣ್ಣಪುಟ್ಟ ಅನುಕೂಲ ಒದಗಿಸಿ, ಕೆಲವು ಗುಂಪಿಗೆ ಮಾತ್ರ ಎತ್ತರ ಬದಲಿಸಬಹುದಾದ, ತಿರುಗುವ ಹೊಸ ಕುರ್ಚಿ ಕೊಟ್ಟರು. ಅದರಲ್ಲೂ ಒಂದಕ್ಕೆ ಸಪಾಟು ಸೀಟು, ಇನ್ನೊಂದಕ್ಕೆ ಬಾಗು ಸೀಟು. ನಾಲ್ಕು ತಿಂಗಳು ನೋವಿನ ಲೆಕ್ಕ ಬರೆದುಕೊಂಡರು. ಎತ್ತರ ಹೊಂದಿಸಬಹುದಾದ ಬಾಗು ಸೀಟಿನ ಕುರ್ಚಿ ಕುತ್ತಿಗೆ, ಭುಜದ ನೋವನ್ನು ಇಳಿಸಬಲ್ಲದು ಎಂಬ ತೀರ್ಮಾನ 2007ರಲ್ಲಿ ಪ್ರಕಟವಾಯಿತು. ಯಂತ್ರ, ಬಟ್ಟೆ, ಕೂಲಿ ಯಾವುದೂ ಬದಲಾಗಿರಲಿಲ್ಲ. ಕುರ್ಚಿ ಬದಲಾಗಿತ್ತು.

ಇನ್ನು ಮನೆಯ ಲೆಕ್ಕಕ್ಕೆ ಬರೋಣ. ಟೇಪು ಹೇಗೂ ಕೊರಳಲ್ಲೇ ಇದೆ. ಭುಜ ಸಡಿಲ ಬಿಟ್ಟು ಕೂತು ಮೊಣಕೈ ಮಡಚಿ, ಸೀಟಿನಿಂದ ಮೊಣಕೈವರೆಗೆ ಅಳೆಯಿರಿ. ಐದಡಿ ಎತ್ತರದ ಹೆಂಗಸಿಗೆ ಅದು ಸುಮಾರು ಎಂಟೂವರೆ ಇಂಚು ಬರುತ್ತದೆ. ಊಟದ ಕುರ್ಚಿಯ ಸೀಟು ಸಾಮಾನ್ಯವಾಗಿ 18 ಇಂಚು. ಅಂದರೆ ಮೊಣಕೈ ನೆಲದಿಂದ ಇಪ್ಪತ್ತಾರೂವರೆ ಇಂಚಿನಲ್ಲಿದೆ. ಕಾಲಿನಿಂದ ತುಳಿಯುವ ಯಂತ್ರದ ಮೇಜು ಸುಮಾರು 30 ಇಂಚು. ಬಟ್ಟೆ ಮೊಣಕೈಗಿಂತ ಮೂರೂವರೆ ಇಂಚು ಮೇಲಾಯಿತು, ಭುಜ ದಿನವಿಡೀ ಎತ್ತಿಕೊಂಡೇ ಇರಬೇಕಾಯಿತು. ಹೊಲಿಗೆಗೆ ಬಟ್ಟೆಯ ಮಟ್ಟ ಮೊಣಕೈಗೆ ಸಮ ಇಲ್ಲವೇ ಒಂದೆರಡು ಇಂಚು ಮೇಲಿದ್ದರೆ ಒಳ್ಳೆಯದು; ತೀರಾ ಕೆಳಗಾದರೆ ಕಣ್ಣಿಗೆ ದೂರವಾಗಿ ಕುತ್ತಿಗೆ ಬಾಗುತ್ತದೆ. ಹೀಗಾಗಿ ಈ ಹೆಂಗಸಿಗೆ 20 ಇಂಚಿನ ಸ್ಟೂಲು ಸರಿಹೊಂದುತ್ತದೆ. ಕಾಲು ನೇತಾಡುವುದಿಲ್ಲವೇ ಎಂದು ಕೇಳಬಹುದು. ತುಳಿಯುವ ಪೆಡಲು ನೆಲದಿಂದ ಮೂರ್ನಾಲ್ಕು ಇಂಚು ಮೇಲಿರುವುದರಿಂದ ಪಾದಕ್ಕೆ ನೆಲೆ ಸಿಗುತ್ತದೆ. ತುಳಿಯುವ ಯಂತ್ರಕ್ಕೆ ಎತ್ತರದ ಸೀಟು ಒಗ್ಗುವುದು ಇದೇ ಕಾರಣಕ್ಕೆ.

ಕೆಟ್ಟ ಜೋಡಣೆ ಎಂದರೆ ಊಟದ ಮೇಜಿನ ಮೇಲೆ ಕರೆಂಟಿನ ಪುಟ್ಟ ಯಂತ್ರವನ್ನಿಟ್ಟು ಹೊಲಿಯುವುದು. ತುಳಿಯುವ ಯಂತ್ರದ ತಳ ಮೇಜಿನೊಳಗೆ ಇಳಿದು ಹಲಗೆಗೆ ಸಮನಾಗಿರುತ್ತದೆ. ಪುಟ್ಟ ಯಂತ್ರ ಮೇಜಿನ ಮೇಲೆ ಕೂತು ಇನ್ನೂ ಮೂರು ಇಂಚು ಏರುತ್ತದೆ. ಕೈ ಎದೆಯ ಮಟ್ಟಕ್ಕೆ ಬರುತ್ತದೆ. ಇದಕ್ಕೆ ಕುರ್ಚಿ ಎತ್ತರಿಸುವುದಕ್ಕಿಂತ ಮೇಜು ತಗ್ಗಿಸುವುದು ಜಾಣತನ. ಹಳೆಯ ಮರದ ಮೇಜಿದ್ದರೆ ಬಡಗಿಯಿಂದ ಅದರ ಕಾಲುಗಳನ್ನು ನಾಲ್ಕು ಇಂಚು ಕೊಯ್ಯಿಸಿ. ಅದು ಆಗದಿದ್ದರೆ ಸೀಟು ಏರಿಸಿ, ಪಾದದ ಕೆಳಗೆ ಹಲಗೆ ಇಟ್ಟು, ಆ ಹಲಗೆಯ ಮೇಲೆಯೇ ಕಾಲಿನ ಸ್ವಿಚ್ಚನ್ನೂ ಇಡಿ.

ಕುರ್ಚಿ ಕೊಳ್ಳುವುದಾದರೆ ಕೈಯಾಸರೆ ಇಲ್ಲದ್ದನ್ನೇ ಕೊಳ್ಳಿ. ಕೈಯಾಸರೆ ಮೇಜಿಗೆ ತಗುಲಿ ನಿಮ್ಮನ್ನು ಯಂತ್ರದಿಂದ ದೂರ ಕೂರಿಸುತ್ತದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಹೊಲಿಗೆಗೆಂದೇ ಮಾಡುತ್ತಿದ್ದ ತೂಗುಕುರ್ಚಿಗಳಿಗೂ ಕೈಯಾಸರೆ ಇರುತ್ತಿರಲಿಲ್ಲ. ಚಕ್ರದ ಆಫೀಸ್ ಕುರ್ಚಿ ತುಳಿಯುವ ಯಂತ್ರಕ್ಕೆ ಬೇಡ, ತುಳಿದಂತೆಲ್ಲ ಹಿಂದೆ ಸರಿಯುತ್ತದೆ. ಸೀಟಿನ ಅಂಚಿಗೂ ಮೊಣಕಾಲ ಹಿಂಬದಿಗೂ ಮೂರು ಬೆರಳು ಜಾಗವಿರಲಿ. ಕೂತ ತಕ್ಷಣ ಕುಸಿಯುವ ಮೆತ್ತನೆ ಸ್ಪಂಜು ಅಂಗಡಿಯಲ್ಲಿ ಹಿತ, ಮೂರನೇ ಗಂಟೆಯಲ್ಲಿ ಶಿಕ್ಷೆ. ಗಟ್ಟಿ ಮೆತ್ತೆ ಮೇಲು. ನನ್ನ ಮೆಚ್ಚುಗೆ ಕ್ಲಿನಿಕ್ಕು, ಲ್ಯಾಬುಗಳಲ್ಲಿ ಕಾಣುವ, ತಿರುಗಿಸಿದರೆ ಏರುವ ಇಳಿಯುವ ಕಬ್ಬಿಣದ ಸ್ಟೂಲಿಗೆ. ಅದರ ಮೇಲೆ ಹಳೆಯ ಸೀರೆಯನ್ನು ಮಡಚಿ, ಸೀಟಿನ ಹಿಂದಿನ ಅರ್ಧಕ್ಕೆ ಎರಡು ಮಡಿಕೆ ಹೆಚ್ಚು ಬರುವಂತೆ ಹಾಸಿದರೆ ಮಾಂಡಲ್ ಹೇಳಿದ ಇಳಿಜಾರು ಕಾಸಿಲ್ಲದೆ ಸಿಗುತ್ತದೆ. ಕೂರುವಾಗ ಯಂತ್ರದ ನಡುವಿಗಲ್ಲ, ಸೂಜಿಗೆ ನೇರವಾಗಿ ಕೂರಿ. ಸೂಜಿ ಎಡಕ್ಕಿರುವುದರಿಂದ ನಡುವಿಗೆ ಕೂತವರು ದಿನವಿಡೀ ಎಡಕ್ಕೆ ತಿರುಚಿಕೊಂಡಿರುತ್ತಾರೆ. ಇಷ್ಟೆಲ್ಲ ಮಾಡಿಯೂ ಬಾಗುತ್ತಿದ್ದರೆ ಕನ್ನಡಕ ಪರೀಕ್ಷಿಸಿಕೊಳ್ಳಿ. ನಲವತ್ತು ದಾಟಿದವರು ರಾತ್ರಿ ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಹುಕ್ಸ್ ಹಚ್ಚುವಾಗ ಬಾಗುವುದಕ್ಕೆ ಕುರ್ಚಿ ಕಾರಣವಲ್ಲ. ಒಂದೇ ಕಡೆ ಕೂತಿರದೆ ಆಗಾಗ ಓಡಾಡುವಂತಾಗಲು ಇಸ್ತ್ರಿಯ ಮೇಜನ್ನು ಎದ್ದು ಹೋಗಬೇಕಾದಷ್ಟು ದೂರ ಇಡುವುದೂ ಒಳ್ಳೆಯ ಉಪಾಯ.

ಕೌದಿಯ ವಿಷಯ ಮಾತ್ರ ಬೇರೆ. ಉತ್ತರ ಕರ್ನಾಟಕದಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವವರು ಕುರ್ಚಿಯ ಗೊಡವೆಗೇ ಹೋಗುವುದಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿಗೆ ತಂದು ಮುಗಿಸುತ್ತಾರೆ. ಮೂಲೆಗಳಿಗೆ ಫೂಲ ಎಂಬ ತ್ರಿಕೋನದ ತುಂಡುಗಳನ್ನು ಹಚ್ಚುತ್ತಾರೆ. ಚೌಕಟ್ಟಿಲ್ಲ, ಮೇಜಿಲ್ಲ. ಬಟ್ಟೆಯ ಭಾರವನ್ನು ನೆಲ ಹೊರುತ್ತದೆ. ಹೊಲಿಗೆ ಮುಂದೆ ಹೋದಂತೆ ಕೌದಿ ತಿರುಗುತ್ತದೆ, ಇಲ್ಲವೇ ಹೊಲಿಯುವವಳೇ ಸರಿಯುತ್ತಾಳೆ. ಒಂದು ಕಾಲು ಚಾಚುತ್ತಾಳೆ, ಇನ್ನೊಂದನ್ನು ಮಡಚುತ್ತಾಳೆ, ಮತ್ತೆ ಅದಲುಬದಲು. ಮೈ ಒಂದೇ ಭಂಗಿಯಲ್ಲಿ ಹೆಪ್ಪುಗಟ್ಟಲು ಆ ಕೆಲಸವೇ ಬಿಡುವುದಿಲ್ಲ. ಮಂಡಿ ನೋವಿನಿಂದ ನೆಲಕ್ಕೆ ಕೂರಲಾಗದ ಹಿರಿಯರಿಗೆ ನಾನು ಹೇಳುವುದು ಕೈಯಾಸರೆ ಇಲ್ಲದ, ಒಂದು ಅಡಿಗಿಂತ ಸ್ವಲ್ಪ ಎತ್ತರದ ಅಗಲ ಸ್ಟೂಲು, ಎದುರಿಗೆ ಮಂಚ. ಕೌದಿಯ ಭಾರ ಮಂಚದ ಮೇಲಿರಲಿ, ಹೊಲಿಯುವ ಅಂಚು ಮಾತ್ರ ಮಡಿಲಿಗೆ ಬರಲಿ. ಯಂತ್ರದಲ್ಲಿ ಕ್ವಿಲ್ಟ್ ಹೊಲಿಯುವವರಿಗೂ ಇದೇ ಸೂತ್ರ: ಯಂತ್ರದ ಎಡಕ್ಕೂ ಹಿಂದಕ್ಕೂ ಮೇಜು ಚಾಚಿರಬೇಕು. ಕ್ವಿಲ್ಟಿನ ಭಾರವನ್ನು ಭುಜ ಎಳೆಯುತ್ತಿರುವಾಗ ಎಂಥ ಕುರ್ಚಿಯೂ ಉಪಯೋಗಕ್ಕೆ ಬಾರದು.

ಮನೆಯಲ್ಲಾದರೆ ಇಷ್ಟನ್ನು ನಾವೇ ಮಾಡಿಕೊಳ್ಳಬಹುದು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ ಕಾರ್ಖಾನೆಗಳ ಸಾಲಿನಲ್ಲಿ ಕೂರುವ ಹೆಂಗಸಿಗೆ ಆ ಸ್ವಾತಂತ್ರ್ಯವಿಲ್ಲ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್ ಇದೆ. ಎದ್ದು ಓಡಾಡು ಎಂಬ ಸಲಹೆ ಅವಳ ಮಟ್ಟಿಗೆ ಬರೀ ಮಾತು. 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಂ ನಿಂತು ದುಡಿಯುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದಿತು. ದಿನವಿಡೀ ಕೂತೇ ದುಡಿಯುವವರ ಆಸನ ಹೇಗಿರಬೇಕೆಂದು ಅದು ಹೇಳಲಿಲ್ಲ. ಎತ್ತರ ಬದಲಿಸಬಹುದಾದ ಆಸನ ಗಾರ್ಮೆಂಟ್ ಕಾರ್ಮಿಕರ ಬೇಡಿಕೆ ಪಟ್ಟಿಯಲ್ಲಿ ಕೂಲಿಯ ಪಕ್ಕದಲ್ಲೇ ಇರಬೇಕಾದ ಸಂಗತಿ.

ಯಂತ್ರ ಹಂಚುವವರಿಗೂ ಒಂದು ಮಾತು. ಸೆಪ್ಟೆಂಬರ್ 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಟೇಲರಿಂಗ್ ಕೂಡ ಒಂದು; ಸಲಕರಣೆಗೆ 15,000 ರೂಪಾಯಿವರೆಗೆ ನೆರವಿದೆ. ರಾಜ್ಯದ ನಿಗಮಗಳು, ಸಂಘ ಸಂಸ್ಥೆಗಳು, ಚುನಾವಣೆ ಹತ್ತಿರವಾದಾಗ ರಾಜಕಾರಣಿಗಳು ಹೊಲಿಗೆ ಯಂತ್ರ ಹಂಚುತ್ತಲೇ ಇರುತ್ತಾರೆ. ಆ ಫೋಟೊಗಳಲ್ಲಿ ಯಂತ್ರದ ಹಿಂದೆ ನಿಂತ ಹೆಂಗಸರು ಕಾಣುತ್ತಾರೆ, ಕೂರುವ ಸ್ಟೂಲು ಕಾಣುವುದಿಲ್ಲ. ಸ್ಟೂಲೂ ಸಲಕರಣೆಯೇ. ಮುಂದಿನ ಸಲ ಯಂತ್ರ ಕೊಡುವಾಗ ಎತ್ತರ ಬದಲಿಸಬಹುದಾದ ಒಂದು ಸ್ಟೂಲನ್ನೂ ಪಟ್ಟಿಗೆ ಸೇರಿಸಿ.