ಉತ್ಕೋಚವೂ ನ್ಯಾಯಸ್ಥಾನವೂ

ಸಂಸ್ಕೃತದಲ್ಲಿ ಉತ್ಕೋಚವೆಂದೂ ನಮ್ಮ ಮಾತಿನಲ್ಲಿ ಲಂಚವೆಂದೂ ಕರೆಯಿಸಿಕೊಳ್ಳುವ ವ್ಯಾಧಿಯು ಇಂದು ನಿನ್ನೆಯದಲ್ಲ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳವರಿಗೆ ದೊರೆತ ಕೌಟಿಲ್ಯನ ಅರ್ಥಶಾಸ್ತ್ರವು ರಾಜಧನವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಎಣಿಸುತ್ತದೆ. ಅಪಹಾರವನ್ನು ಸೂಚಿಸಿ ರುಜುಪಡಿಸಿದವನಿಗೆ ಆ ಧನದಲ್ಲಿ ಆರನೆಯ ಒಂದು ಪಾಲೆಂದೂ, ರುಜುಪಡಿಸಲಾರದವನಿಗೆ ದಂಡನೆಯೆಂದೂ ಅಲ್ಲಿ ವಿಧಿಯುಂಟು. ದೂರುವವನಿಲ್ಲದೆ ಕಳ್ಳತನವು ಬಯಲಿಗೆ ಬಾರದೆಂಬುದನ್ನು ಪ್ರಾಚೀನರು ಚೆನ್ನಾಗಿ ಬಲ್ಲವರಾಗಿದ್ದರು.

ಇಂದಿನ ಗೃಹಸ್ಥನ ಪಾಡೇನು? ಬಸವನಗುಡಿಯಲ್ಲಿಯೋ ಚಾಮರಾಜಪೇಟೆಯಲ್ಲಿಯೋ ತಂದೆಯ ಹೆಸರಿನಲ್ಲಿದ್ದ ಮನೆಯ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬೇಕಾಗಿದೆಯೆನ್ನೋಣ. ಕಾಗದಪತ್ರಗಳೆಲ್ಲ ಸರಿಯಾಗಿವೆ, ಆದರೂ ಕಡತವು ಅಲುಗದು. ಕೊಟ್ಟರೆ ಮನಸ್ಸು ಒಪ್ಪದು, ಕೊಡದಿದ್ದರೆ ಕೆಲಸವಾಗದು. ದೂರಿಕೊಟ್ಟರೆ ಮುಂದೇನಾದೀತೋ ಎಂಬ ಭಯವೊಂದು ಬೇರೆ. ಆದಕಾರಣ ಮುಂದೇನಾಗುತ್ತದೆಂಬುದನ್ನು ವಾಚಕರು ತಿಳಿದಿರುವುದು ಒಳ್ಳೆಯದು.

ಲೋಕಾಯುಕ್ತ ಕಾಯಿದೆಯು 1984ರದು. 2016ರಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೊಂದನ್ನು ನಿರ್ಮಿಸಿ ಲಂಚದ ಮೊಕದ್ದಮೆಗಳನ್ನು ಅದಕ್ಕೆ ಒಪ್ಪಿಸಿತ್ತು. 2022ರ ಆಗಸ್ಟ್ 11ರಂದು ಹೈಕೋರ್ಟು ಅದನ್ನು ರದ್ದುಪಡಿಸಿದ ಮೇಲೆ ಆ ಅಧಿಕಾರವು ಮರಳಿ ಲೋಕಾಯುಕ್ತ ಪೊಲೀಸರ ಕೈಗೆ ಬಂದಿತು. ಅವರಲ್ಲಿ ಲಿಖಿತವಾಗಿ ದೂರಿತ್ತರೆ, ಕೊಡಬೇಕಾದ ನೋಟುಗಳ ಸಂಖ್ಯೆಯನ್ನು ಪಂಚರ ಸಮಕ್ಷಮದಲ್ಲಿ ಬರೆದುಕೊಂಡು, ಅವುಗಳಿಗೆ ಫಿನಾಫ್ತಲೀನ್ ಪುಡಿಯನ್ನು ಸವರುತ್ತಾರೆ. ಕೇಳಿದ ಹೊರತು ಕೊಡಕೂಡದೆಂದು ದೂರುದಾರನಿಗೆ ಎಚ್ಚರಿಕೆ. ಹಣ ಮುಟ್ಟಿದ ಕೈಯನ್ನು ಸೋಡಾ ಬೆರೆತ ನೀರಿನಲ್ಲಿ ಅದ್ದಿಸಿದೊಡನೆ ನೀರು ಗುಲಾಬಿಯಾಗುತ್ತದೆ. ಆ ನೀರನ್ನು ಸೀಸೆಯಲ್ಲಿ ಮುದ್ರೆಯಿಟ್ಟು ಮಹಜರು ಬರೆಯುತ್ತಾರೆ.

ಇಲ್ಲಿಗೆ ಕಥೆ ಮುಗಿಯಿತೆಂದು ಪತ್ರಿಕೆ ಓದುವವರು ಭಾವಿಸುವರು. ಆದರೆ ನಿಜವಾದ ಕಷ್ಟವು ಆರಂಭವಾಗುವುದು ಇಲ್ಲಿಂದಲೇ. ನೌಕರನ ಮೇಲೆ ಮೊಕದ್ದಮೆ ನಡೆಸಲು ಅವನನ್ನು ಕೆಲಸದಿಂದ ತೆಗೆಯುವ ಅಧಿಕಾರವುಳ್ಳವರ ಅನುಮತಿ ಬೇಕು. ನೀರಿನ ಬಣ್ಣವು ಕೈ ಮುಟ್ಟಿತೆಂಬುದನ್ನು ಹೇಳೀತೇ ಹೊರತು ಬಾಯಿ ಕೇಳಿತೆಂಬುದನ್ನು ಹೇಳಲಾರದು. ಕೇಳಿದ್ದೂ ಪಡೆದದ್ದೂ ಎರಡೂ ರುಜುವಾಗಬೇಕು.

2023ರ ಮಾರ್ಚ್ 2ರಂದು ಕ್ರೆಸೆಂಟ್ ರಸ್ತೆಯ ಕಛೇರಿಯೊಂದರಲ್ಲಿ, ಸಾಬೂನು ಮತ್ತು ಮಾರ್ಜಕ ನಿಗಮದ ಆಗಿನ ಅಧ್ಯಕ್ಷರೂ ಚನ್ನಗಿರಿಯ ಶಾಸಕರೂ ಆಗಿದ್ದ ಮಾಡಾಳು ವಿರೂಪಾಕ್ಷಪ್ಪನವರ ಪುತ್ರರನ್ನು, 40 ಲಕ್ಷ ರೂಪಾಯಿ ಪಡೆದರೆಂಬ ಆಪಾದನೆಯ ಮೇಲೆ ಲೋಕಾಯುಕ್ತ ಪೊಲೀಸರು ಹಿಡಿದರು. ಪುತ್ರರು ಜಲಮಂಡಳಿಯ ಲೆಕ್ಕಾಧಿಕಾರಿಗಳು. ಅದೇ ತಿಂಗಳಲ್ಲಿ ತಂದೆಯವರ ಬಂಧನವೂ ಆಯಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ಹೈಕೋರ್ಟು ತಂದೆಯವರ ಮೇಲಣ ಪ್ರಕರಣವನ್ನು ರದ್ದುಮಾಡಿತು. ಒಬ್ಬರ ಕೈಯಲ್ಲಿ ಹಣ ಸಿಕ್ಕಿದ ಮಾತ್ರಕ್ಕೆ ಮತ್ತೊಬ್ಬರ ಅಪರಾಧವು ತಾನಾಗಿಯೇ ಸಿದ್ಧಿಸುವುದಿಲ್ಲವೆಂದು ಇದರಿಂದ ತಿಳಿಯಬಹುದು.

ವಿಚಾರಣೆ ವರ್ಷಗಟ್ಟಲೆ ನಡೆಯುವಾಗ ದೂರುದಾರನು ತೀರಿಕೊಳ್ಳಬಹುದು. ಬೆದರಿ ಮಾತು ತಿರುಗಿಸಲೂಬಹುದು. ಆಗ ಗತಿಯೇನು? 2022ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ನೀರಜ್ ದತ್ತ ಪ್ರಕರಣದಲ್ಲಿ ಈ ಪ್ರಶ್ನೆಯನ್ನು ನಿರ್ಣಯಿಸಿತು. ತೀರ್ಪನ್ನು ಬರೆದವರು ನಮ್ಮ ನಾಡಿನವರೇ ಆದ ಬಿ.ವಿ. ನಾಗರತ್ನ ಅವರು. ದೂರುದಾರನ ಬಾಯಿಮಾತು ದೊರೆಯದಿದ್ದರೂ ಇತರ ಸಾಕ್ಷಿಗಳಿಂದಲೂ ಸಂದರ್ಭಗಳಿಂದಲೂ ಬೇಡಿಕೆಯನ್ನು ರುಜುಪಡಿಸಬಹುದೆಂಬುದು ಅದರ ಸಾರ.

ಗೃಹಸ್ಥರು ನೆನಪಿಡಬೇಕಾದ ಮತ್ತೊಂದು ವಿಷಯವುಂಟು. 1988ರ ಭ್ರಷ್ಟಾಚಾರ ತಡೆ ಕಾಯಿದೆಯು 2018ರಲ್ಲಿ ತಿದ್ದುಪಡಿಯಾದ ಮೇಲೆ ಲಂಚ ಪಡೆದವನಿಗೆ ಮೂರರಿಂದ ಏಳು ವರ್ಷಗಳ ಸೆರೆಮನೆ, ಕೊಡುವವನೂ ಅಪರಾಧಿಯೇ. ಬಲವಂತಕ್ಕೆ ಕೊಟ್ಟವನು ಏಳು ದಿನಗಳೊಳಗೆ ತಿಳಿಸಿದರೆ ಮಾತ್ರ ಅವನಿಗೆ ರಕ್ಷೆ. ಮೊದಲೇ ಪೊಲೀಸರಿಗೆ ತಿಳಿಸಿ ಕೊಟ್ಟವನಿಗೆ ದೋಷವಿಲ್ಲ. ಕೌಟಿಲ್ಯನ ಆರನೆಯ ಪಾಲು ಈಗ ದೊರೆಯದು. ದೊರೆಯುವುದು ಕೋರ್ಟಿನ ಬಾಗಿಲಲ್ಲಿ ಹಲವು ದಿನಗಳ ಕಾಯುವಿಕೆ. ಆದರೂ ಆ ಕಟ್ಟೆಯನ್ನೇರಿ, ನಡೆದದ್ದನ್ನು ನಡೆದಂತೆ ಹೇಳುವ ಒಬ್ಬ ಸಾಮಾನ್ಯನಿಲ್ಲದಿದ್ದರೆ ಸೀಸೆಯಲ್ಲಿಟ್ಟ ಗುಲಾಬಿ ನೀರಿಗೆ ಬಲವಿಲ್ಲ.