ಪಿಟೀಲು ಹಿಡಿದ ಮೊದಲ ಹತ್ತು ನಿಮಿಷ

ಪಿಟೀಲು ಕೈಗೆ ಬಂದ ಕೂಡಲೇ ವರ್ಣಕ್ಕೆ ಹಾರಬೇಡಿ. ಮೊದಲು ನಾಲ್ಕೂ ತಂತಿಗಳನ್ನು ತಂಬೂರಿ ಶ್ರುತಿಗೆ ಸೇರಿಸಿ: ಸ, ಪ, ಸ, ಪ.

ಈಗ ಎಡಗೈಗೆ ಕೆಲಸವೇ ಬೇಡ. ಮಧ್ಯ ಷಡ್ಜದ ತಂತಿಯ ಮೇಲೆ ಕಮಾನನ್ನು ಬುಡದಿಂದ ತುದಿಯವರೆಗೆ ನಿಧಾನವಾಗಿ ಎಳೆಯಿರಿ, 8 ಅಕ್ಷರ ಕಾಲ. ತುದಿ ಹತ್ತಿರ ಬಂದಾಗ ನಾದ ಸಣ್ಣಗಾಗುತ್ತಾ? ಅಲ್ಲಿ ಕಮಾನಿನ ಭಾರ ಕಡಿಮೆ. ತೋರುಬೆರಳು ಒಂಚೂರು ಒತ್ತಬೇಕು. ಹೆಗಲು ಮಾತ್ರ ಬಿಗಿಯಬಾರದು, ಬಿಗಿದರೆ ನಾದ ನಡುಗುತ್ತೆ. ದಿನದ ಸಾಧನೆಯಲ್ಲಿ ನನಗೆ ತುಂಬಾ ಇಷ್ಟದ ಹೊತ್ತು ಇದು.

ಆಮೇಲೆ ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಮೂರು ಕಾಲ. ಅಪಸ್ವರ ಬಂತಾ? ಮೊದಲಿಂದ ಶುರು ಮಾಡಬೇಡಿ. ತಪ್ಪಿದ ಎರಡು ಸ್ವರಗಳನ್ನಷ್ಟೇ ಹಿಡಿದು ತಿದ್ದಿ.

ಮೈಸೂರು ಚೌಡಯ್ಯನವರು ಏಳು ತಂತಿಯ ಪಿಟೀಲು ನುಡಿಸಿದವರು. ನೀವು ನಾಳೆ ಬೆಳಿಗ್ಗೆ ಒಂದೇ ತಂತಿಯಿಂದ ಶುರು ಮಾಡಿ ನೋಡಿ.