ಕಾಲಕ್ಕೊಂದು ತಂಡ: ಟೆಸ್ಟ್ ಕ್ರಿಕೆಟ್‌ನ ಸಾರ್ವಕಾಲಿಕ ಹನ್ನೊಂದು ಮಂದಿ

ಟೆಸ್ಟ್ ಕ್ರಿಕೆಟ್‌ನ ಸಾರ್ವಕಾಲಿಕ ತಂಡ ಕಟ್ಟಲು ಹೊರಟವರಿಗೆ ಮೊದಲು ತೊಡಕಾಗುವುದೇ ಅಂಕಿಅಂಶ. ಇಂಗ್ಲೆಂಡಿನ ಜಾರ್ಜ್ ಲೋಮನ್ 18 ಟೆಸ್ಟ್‌ಗಳಲ್ಲಿ 10.75ರ ಸರಾಸರಿಯಲ್ಲಿ 112 ವಿಕೆಟ್ ಪಡೆದರು. ವೆಸ್ಟ್ ಇಂಡೀಸ್‌ನ ಮಾಲ್ಕಂ ಮಾರ್ಷಲ್ ಅವರ ಸರಾಸರಿ 20.94. ಹಾಗೆಂದು ಲೋಮನ್ ಅವರು ಮಾರ್ಷಲ್‌ಗಿಂತ ಇಮ್ಮಡಿ ಒಳ್ಳೆಯ ಬೌಲರ್ ಎಂದು ಯಾರೂ ವಾದಿಸುವುದಿಲ್ಲ. ಲೋಮನ್ ಆಡಿದ್ದು 1886ರಿಂದ 1896ರ ನಡುವೆ. ಆಗ ಪಿಚ್‌ಗೆ ಹೊದಿಕೆ ಇರಲಿಲ್ಲ. ಮಳೆಗೆ ನೆನೆದು ಬಿಸಿಲಿಗೆ ಅರೆಬರೆ ಒಣಗಿದ ನೆಲದ ಮೇಲೆಯೇ ಆಟ ಮುಂದುವರಿಯುತ್ತಿತ್ತು. ಅವರ 112 ವಿಕೆಟ್‌ಗಳಲ್ಲಿ 35 ಬಂದದ್ದು 1896ರ ದಕ್ಷಿಣ ಆಫ್ರಿಕಾ ಪ್ರವಾಸದ ಮೂರೇ ಟೆಸ್ಟ್‌ಗಳಲ್ಲಿ. ಪೋರ್ಟ್ ಎಲಿಜಬೆತ್‌ನಲ್ಲಂತೂ ಬರೀ 7 ರನ್‌ಗೆ 8 ವಿಕೆಟ್ ಕಿತ್ತರು. ಎದುರಾಳಿ ತಂಡ ಆಗಿನ್ನೂ ಟೆಸ್ಟ್ ಮಟ್ಟಕ್ಕೆ ಬೆಳೆದಿರಲಿಲ್ಲ.

ಆಟಗಾರನನ್ನು ಅವನ ಸಮಕಾಲೀನರ ಜೊತೆಗಿಟ್ಟು ನೋಡಬೇಕು, ಹಾಗಾಗಿ ಕಾಲಘಟ್ಟಕ್ಕೊಂದು ತಂಡ ಆರಿಸುವುದೇ ನ್ಯಾಯ ಎನ್ನುವ ವಾದ ಹುಟ್ಟಿದ್ದು ಇಲ್ಲಿಂದ. ಎಲ್ಲ ಕಾಲವನ್ನೂ ಒಂದೇ ತಂಡಕ್ಕೆ ತುರುಕಿದರೆ ಯಾರು ಹೊರಗುಳಿಯುತ್ತಾರೆ ಎಂಬುದಕ್ಕೆ ಕ್ರಿಕೆಟ್ ವಾರ್ಷಿಕ ವಿಸ್ಡನ್ 2013ರಲ್ಲಿ ಪ್ರಕಟಿಸಿದ ತಂಡವೇ ಸಾಕ್ಷಿ: ಗ್ರೇಸ್, ಹಾಬ್ಸ್, ಬ್ರಾಡ್ಮನ್, ತೆಂಡೂಲ್ಕರ್, ವಿವ್ ರಿಚರ್ಡ್ಸ್, ಸೋಬರ್ಸ್, ಅಲನ್ ನಾಟ್, ವಾಸಿಂ ಅಕ್ರಂ, ವಾರ್ನ್, ಮಾರ್ಷಲ್, ಬಾರ್ನ್ಸ್. ಎರಡನೆಯ ಮಹಾಯುದ್ಧ ಮುಗಿದಾಗಿನಿಂದ 1970ರವರೆಗಿನ ಅಷ್ಟು ದೊಡ್ಡ ಅವಧಿಗೆ ಇದರಲ್ಲಿ ಸೋಬರ್ಸ್ ಒಬ್ಬರೇ ಪ್ರತಿನಿಧಿ. ಬ್ರಾಡ್ಮನ್ ತಾವೇ ಆರಿಸಿದ್ದ ತಂಡ ಅವರು ತೀರಿಕೊಂಡ ಮೇಲೆ, 2001ರಲ್ಲಿ, ಬೆಳಕಿಗೆ ಬಂತು. ಅದರ ಹನ್ನೊಂದರಲ್ಲಿ ಏಳು ಮಂದಿ ಆಸ್ಟ್ರೇಲಿಯದವರು. ಕಣ್ಣಾರೆ ಕಂಡ ಆಟಗಾರರ ಕಡೆಗೆ ಮನಸ್ಸು ವಾಲುವುದು ಸಹಜ. ಅದನ್ನು ತಡೆಯಲು ಕಾಲದ ಗಡಿ ನೆರವಾಗುತ್ತದೆ.

ಆದರೆ ಗಡಿ ಎಳೆಯುವುದು ಎಲ್ಲಿ? ಹತ್ತು ಹತ್ತು ವರ್ಷಕ್ಕೆ ಕತ್ತರಿಸುವುದು ಸುಲಭ, ಅದಕ್ಕೆ ಅರ್ಥ ಮಾತ್ರ ಕಡಿಮೆ. ಆಟವೇ ಬದಲಾದ ಕಡೆ ಗೆರೆ ಬೀಳಬೇಕು. 1877ರಿಂದ ಮೊದಲ ಮಹಾಯುದ್ಧದವರೆಗೆ ಒಂದು, ಎರಡು ಯುದ್ಧಗಳ ನಡುವೆ ಇನ್ನೊಂದು, 1946ರಿಂದ ದಕ್ಷಿಣ ಆಫ್ರಿಕಾ ವರ್ಣಭೇದ ನೀತಿಯಿಂದಾಗಿ ಬಹಿಷ್ಕಾರಕ್ಕೊಳಗಾದ 1970ರವರೆಗೆ ಮೂರನೆಯದು, ಅಲ್ಲಿಂದ ಹೆಲ್ಮೆಟ್ ಮತ್ತು ನಾಲ್ವರು ವೇಗಿಗಳ ಎರಡು ದಶಕ, ಆಮೇಲೆ 1990ರಿಂದ 2008, ಕೊನೆಗೆ ಟಿ20 ಮತ್ತು ಡಿಆರ್‌ಎಸ್‌ನ ಈಗಿನ ಕಾಲ. ಎರಡು ಕಾಲಕ್ಕೂ ಸೇರುವವರನ್ನು ಹೆಚ್ಚು ಟೆಸ್ಟ್ ಆಡಿದ ಕಡೆಗೆ ಸೇರಿಸಬೇಕು. ಬ್ರಾಡ್ಮನ್ ಅವರ 52 ಟೆಸ್ಟ್‌ಗಳಲ್ಲಿ 37 ಯುದ್ಧಕ್ಕೆ ಮುಂಚಿನವು, ಅವರ ಲೆಕ್ಕ ಸಲೀಸು. ಜಾಕ್ ಹಾಬ್ಸ್ ಅವರದು ಅಷ್ಟು ಸಲೀಸಲ್ಲ: 61ರಲ್ಲಿ 28 ಮೊದಲ ಯುದ್ಧಕ್ಕೆ ಮುಂಚೆ, 33 ಆನಂತರ. ಕೂದಲೆಳೆಯ ಅಂತರದಲ್ಲಿ ಅವರು ಎರಡನೆಯ ಕಾಲಕ್ಕೆ ಸೇರುತ್ತಾರೆ.

ಮೊದಲ ಕಾಲದಲ್ಲಿ ಟೆಸ್ಟ್ ಆಡುತ್ತಿದ್ದುದು ಇಂಗ್ಲೆಂಡ್, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಾ ಮೂರೇ. ಮೊದಮೊದಲು ಓವರ್‌ಗೆ ನಾಲ್ಕೇ ಎಸೆತ. ಇಲ್ಲಿ ಸರಾಸರಿಯನ್ನು ಬಿಡಿಸಿ ನೋಡಬೇಕು. ಸಿಡ್ನಿ ಬಾರ್ನ್ಸ್ 27 ಟೆಸ್ಟ್‌ಗಳಲ್ಲಿ 16.43ರ ಸರಾಸರಿಯಲ್ಲಿ 189 ವಿಕೆಟ್ ಪಡೆದರು. ದಕ್ಷಿಣ ಆಫ್ರಿಕಾ ವಿರುದ್ಧ ಏಳೇ ಟೆಸ್ಟ್‌ಗಳಲ್ಲಿ ಬಂದ 83 ವಿಕೆಟ್‌ಗಳನ್ನು ತೆಗೆದರೆ ಉಳಿಯುವುದು ಬಲಿಷ್ಠ ಆಸ್ಟ್ರೇಲಿಯದ ವಿರುದ್ಧದ 106. ಅಲ್ಲಿ ಸರಾಸರಿ 21.58. ಅಷ್ಟಾದರೂ ಅವರು ತಂಡದ ಮೊದಲ ಬೌಲರೇ. ವಿಕ್ಟರ್ ಟ್ರಂಪರ್ ಅವರ 39.04 ಇಂದಿನ ಕಣ್ಣಿಗೆ ಸಾಧಾರಣ. 1902ರಲ್ಲಿ ಓಲ್ಡ್ ಟ್ರಾಫರ್ಡ್‌ನಲ್ಲಿ ಮೊದಲ ದಿನವೇ ಊಟದ ವಿರಾಮಕ್ಕೆ ಮುನ್ನ ಶತಕ ಬಾರಿಸಿದ ಅವರಿಗೆ ಆ ಕಾಲದ ಪಿಚ್‌ಗಳಲ್ಲಿ ಸರಿಸಾಟಿ ಸಿಗುವುದು ಕಷ್ಟ. ಗ್ರೇಸ್, ಟ್ರಂಪರ್, ಕ್ಲೆಮ್ ಹಿಲ್, ರಣಜಿತ್‌ಸಿಂಹಜಿ, ಆಬ್ರಿ ಫಾಕ್ನರ್, ಮಾಂಟಿ ನೋಬಲ್, ವಿಲ್ಫ್ರೆಡ್ ರೋಡ್ಸ್, ಕೀಪರ್ ಜ್ಯಾಕ್ ಬ್ಲ್ಯಾಕ್‌ಹ್ಯಾಮ್, ಲೋಮನ್, ಬಾರ್ನ್ಸ್, ಸ್ಪಾಫರ್ತ್ ಸೇರಿದರೆ ಹನ್ನೊಂದು.

ಎರಡು ಯುದ್ಧಗಳ ನಡುವಿನದು ಬ್ಯಾಟಿಂಗ್‌ನ ಸುಗ್ಗಿ. ಆಗಿನ ಎಲ್‌ಬಿಡಬ್ಲ್ಯು ನಿಯಮದಂತೆ ಆಫ್ ಸ್ಟಂಪ್‌ನ ಹೊರಗೆ ಬಿದ್ದು ಒಳನುಗ್ಗುವ ಚೆಂಡನ್ನು ಪ್ಯಾಡ್‌ನಿಂದ ತಡೆದರೂ ಔಟಿಲ್ಲ. ಅದು ಬದಲಾದದ್ದು 1935ರ ಪ್ರಯೋಗದ ನಂತರ. ಹಾಬ್ಸ್ ಮತ್ತು ಸಟ್‌ಕ್ಲಿಫ್ ಆರಂಭಿಕರು. ಬ್ರಾಡ್ಮನ್, ಹೆಡ್ಲಿ, ಹ್ಯಾಮಂಡ್, ಮೆಕ್‌ಕೇಬ್ ಮಧ್ಯದಲ್ಲಿ. ಕೀಪರ್ ಲೆಸ್ ಏಮ್ಸ್. ಬೌಲಿಂಗ್‌ಗೆ ಲಾರ್ವುಡ್, ಟೇಟ್, ಗ್ರಿಮೆಟ್, ಓ'ರೈಲಿ. ಇವರಲ್ಲಿ ಜಾರ್ಜ್ ಹೆಡ್ಲಿ ಅವರ ಸ್ಥಾನವನ್ನು ಯಾರೂ ಅಲುಗಿಸಬಾರದು. ದುರ್ಬಲ ವೆಸ್ಟ್ ಇಂಡೀಸ್ ತಂಡವನ್ನು ಒಬ್ಬರೇ ಹೊತ್ತು 22 ಟೆಸ್ಟ್‌ಗಳಲ್ಲಿ 60.83ರ ಸರಾಸರಿಯಲ್ಲಿ 10 ಶತಕ ಹೊಡೆದರು. 1939ರಲ್ಲಿ ಲಾರ್ಡ್ಸ್ ಟೆಸ್ಟ್‌ನ ಎರಡೂ ಇನಿಂಗ್ಸ್‌ನಲ್ಲಿ ಶತಕ ಬಾರಿಸಿದ ಮೊದಲಿಗರೂ ಅವರೇ.

ಮೂರನೆಯ ಕಾಲಕ್ಕೆ ಹಟನ್, ವೀಕ್ಸ್, ಸೋಬರ್ಸ್, ಮಿಲ್ಲರ್, ಟ್ರೂಮನ್, ಡೇವಿಡ್‌ಸನ್, ಲೇಕರ್ ತಕರಾರಿಲ್ಲದೆ ಬರುತ್ತಾರೆ. ತಕರಾರು ಏಳುವುದು ಬಹಿಷ್ಕಾರ ನುಂಗಿದ ಪ್ರತಿಭೆಗಳ ವಿಷಯದಲ್ಲಿ. 23 ಟೆಸ್ಟ್‌ಗಳಲ್ಲಿ 60.97 ಸರಾಸರಿಯ ಗ್ರೇಮ್ ಪೊಲಾಕ್‌ಗೆ ಜಾಗ ಕೊಡಬಹುದು. 1970ರಲ್ಲಿ ಆಡಿದ ನಾಲ್ಕೇ ಟೆಸ್ಟ್‌ಗಳಲ್ಲಿ 508 ರನ್ ಗಳಿಸಿದ ಬ್ಯಾರಿ ರಿಚರ್ಡ್ಸ್ ಅವರನ್ನು ಬ್ರಾಡ್ಮನ್ ತಮ್ಮ ತಂಡಕ್ಕೆ ಆರಿಸಿದ್ದರು. ಆದರೆ ಇದು ಟೆಸ್ಟ್ ತಂಡ. ಒಂದೇ ಸರಣಿಯ ಬಲದ ಮೇಲೆ ಹಟನ್ ಜೊತೆ ಇನಿಂಗ್ಸ್ ಆರಂಭಿಸಲು ಕಳಿಸುವುದು ಸರಿಯಲ್ಲ.

ನಾಲ್ಕನೆಯ ಕಾಲದಲ್ಲಿ ಆಲ್‌ರೌಂಡರ್‌ಗಳು ಒಟ್ಟಿಗೇ ಬಂದರು: ಇಮ್ರಾನ್, ಬಾಥಮ್, ಕಪಿಲ್, ಹ್ಯಾಡ್ಲಿ. ಇವರಲ್ಲಿ ಇಬ್ಬರಿಗಿಂತ ಹೆಚ್ಚು ಮಂದಿಗೆ ಜಾಗವಿಲ್ಲ. ಗವಾಸ್ಕರ್, ಗ್ರೀನಿಜ್, ವಿವ್ ರಿಚರ್ಡ್ಸ್, ಗ್ರೆಗ್ ಚಾಪೆಲ್, ಮಿಯಾಂದಾದ್, ಇಮ್ರಾನ್, ನಾಟ್, ಹ್ಯಾಡ್ಲಿ, ಮಾರ್ಷಲ್, ಲಿಲ್ಲಿ ಆದ ಮೇಲೆ ಉಳಿಯುವುದು ಸ್ಪಿನ್ನರ್ ಒಬ್ಬರಿಗೆ. ಬೇಡಿ, ಪ್ರಸನ್ನ, ಅಂಡರ್‌ವುಡ್, ಅಬ್ದುಲ್ ಖಾದಿರ್ ಎಲ್ಲರೂ ಹಕ್ಕುದಾರರೇ. ಆದರೆ ಪಂದ್ಯವನ್ನು ಒಂದೇ ಅವಧಿಯಲ್ಲಿ ತಿರುಗಿಸುವವರು ಬೇಕೆಂದರೆ ಮೈಸೂರಿನಲ್ಲಿ ಹುಟ್ಟಿದ ಬಿ.ಎಸ್. ಚಂದ್ರಶೇಖರ್. 1971ರಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತದ ಮೊದಲ ಗೆಲುವಿಗೆ ದಾರಿ ಮಾಡಿದರು. ಆಸ್ಟ್ರೇಲಿಯದಲ್ಲಿ ಭಾರತ ಮೊದಲ ಸಲ ಗೆದ್ದ ಮೆಲ್ಬರ್ನ್ ಟೆಸ್ಟ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52 ರನ್‌ಗೆ 6 ವಿಕೆಟ್ ಪಡೆದರು. ಅದೂ ಪೋಲಿಯೋಪೀಡಿತ ತೋಳಿನಿಂದ, ಸ್ಪಿನ್ನರ್‌ಗೆ ಅಪರೂಪವಾದ ವೇಗದಲ್ಲಿ.

ಕೀಪರ್‌ನ ಕೆಲಸವೂ ಕಾಲದೊಂದಿಗೆ ಬದಲಾಯಿತು. ಬ್ರಾಡ್ಮನ್ ಮೆಚ್ಚಿದ ಡಾನ್ ಟ್ಯಾಲನ್ ಅವರ ಬ್ಯಾಟಿಂಗ್ ಸರಾಸರಿ 17.13, ನಾಟ್ ಅವರದು 32.75, ಗಿಲ್‌ಕ್ರಿಸ್ಟ್ ಅವರದು 47.60. ಗಿಲ್‌ಕ್ರಿಸ್ಟ್ ಬಂದ ಮೇಲೆ ಬರೀ ಗ್ಲವ್ಸ್ ನೋಡಿ ಕೀಪರ್‌ನನ್ನು ಆರಿಸುವ ಕಾಲ ಮುಗಿಯಿತು.

1990ರ ನಂತರದ ತಂಡದಲ್ಲಿ ಸರಾಸರಿ 50 ದಾಟಿದ ಬ್ಯಾಟ್ಸ್‌ಮನ್‌ಗಳ ನೂಕುನುಗ್ಗಲು. ಇವರನ್ನು ಜರಡಿ ಹಿಡಿಯಲು ತವರಿನಾಚೆಯ ರನ್ ನೋಡುವುದು ಒಳ್ಳೆಯ ದಾರಿ. ಮೂರನೆಯ ಕ್ರಮಾಂಕದಲ್ಲಿ ಪಾಂಟಿಂಗ್‌ಗಿಂತ ರಾಹುಲ್ ದ್ರಾವಿಡ್ ಮುಂದಾಗುವುದು ಅದರಿಂದಲೇ: 2002ರಲ್ಲಿ ಲೀಡ್ಸ್‌ನ 148, 2003ರಲ್ಲಿ ಅಡಿಲೇಡ್‌ನ 233 ಮತ್ತು ಅಜೇಯ 72, 2004ರಲ್ಲಿ ರಾವಲ್ಪಿಂಡಿಯ 270, ಮೂರೂ ಕಡೆ ಭಾರತ ಗೆದ್ದಿತು. ಸೆಹ್ವಾಗ್, ಹೇಡನ್, ದ್ರಾವಿಡ್, ತೆಂಡೂಲ್ಕರ್, ಲಾರಾ, ಕಾಲಿಸ್, ಗಿಲ್‌ಕ್ರಿಸ್ಟ್, ಅಕ್ರಂ, ವಾರ್ನ್, ಮೆಗ್ರಾ, ಮುರಳೀಧರನ್ ಇರುವ ಈ ತಂಡದಲ್ಲಿ 619 ವಿಕೆಟ್‌ಗಳ ಅನಿಲ್ ಕುಂಬ್ಳೆ ಅವರಿಗೂ ಜಾಗವಿಲ್ಲ. ಮೂರನೆಯ ದಿನದಿಂದಲೇ ಬಿರುಕು ಬಿಡುವ ಪಿಚ್ ಆದರೆ ಮಾತ್ರ ಅಕ್ರಂ ಬದಲಿಗೆ ಅವರು ಒಳಬರಬಹುದು.

ಈಗಿನ ಕಾಲದ ತಂಡವನ್ನು ಪೂರ್ತಿ ಮಾಡಲು ಇನ್ನೂ ಕಾಲ ಕೂಡಿಬಂದಿಲ್ಲ. ಕುಕ್, ಸ್ಟೇನ್, ಆ್ಯಂಡರ್ಸನ್, ಅಶ್ವಿನ್ ಆಟ ಮುಗಿಸಿದ್ದಾರೆ, ಅವರ ಲೆಕ್ಕ ನಿಶ್ಚಿತ. ಮಿಕ್ಕವರಲ್ಲಿ ಈಗಲೇ ಹೆಸರು ಬರೆದಿಡಬಹುದಾದ ಬೌಲರ್ ಜಸ್‌ಪ್ರೀತ್ ಬೂಮ್ರಾ. 20ಕ್ಕಿಂತ ಕಡಿಮೆ ಸರಾಸರಿಯಲ್ಲಿ 200 ಟೆಸ್ಟ್ ವಿಕೆಟ್ ಮುಟ್ಟಿದವರು ಅವರಿಗೆ ಮುಂಚೆ ಯಾರೂ ಇರಲಿಲ್ಲ, ಅದೂ ಹೊದಿಕೆ ಹಾಕಿ ಕಾಪಾಡಿದ ಪಿಚ್‌ಗಳ ಮೇಲೆ.